ಜೈಂಟ್ ವೀಲ್ ಮೇಲಿಂದ ನಮ್ಮೂರು ಕಾಣಲಿಲ್ಲ!

ಮೂರು ವಾರ ಈ ಪುಟದಲ್ಲಿ ನಾನು ಇರಲಿಲ್ಲ. "ಏನ್ರೀ, ಸಂಪಾದಕರು ಕೈಬಿಟ್ಟರೋ, ಇಲ್ಲಾ ನೀವೇ ಯಾವುದಾದರೂ ಚಿತ್ರಕ್ಕೆ ಹೀರೋ ಆಗಿಬಿಟ್ಟಿರೋ?" ಅಂತ ಚಿಂತಾಮಣಿಯ ಓದುಗ ಮಿತ್ರರೊಬ್ಬರು ಕೇಳಿದ್ದಾರೆ. ಎರಡೂ ಅಲ್ಲ ಸ್ವಾಮಿ. ನಾನು ವಿಯೆನ್ನಾದಲ್ಲಿದ್ದೆ! ಆಸ್ಟ್ರಿಯಾ ದೇಶದ ರಾಜಧಾನಿ. ಪಿಯುಸಿ ಅರ್ಧಕ್ಕೇ ಬಿಟ್ಟವನು, ಲೇಖನಕ್ಕಿಷ್ಟು ಅಂತ ಎಣಿಸಿಕೊಂಡು ಬದುಕುವವನು ಅಲ್ಲಿಗೆ ಹೇಗೆ ಹೋದ ಅಂತ ಹುಬ್ಬೇರಿಸಬೇಡಿ. ಟಿಕೆಟ್ಟು ನಮ್ಮಕ್ಕನದು. ಅವಳು ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. "ಒಂದ್ಸಲ ಬಂದು ಹೋಗೋ" ಅಂತ ದುಡ್ಡು ಕೂಡಿಹಾಕಿ ಕರೆಸಿಕೊಂಡಳು.

ಹೊರಡುವಾಗ ತಿಪಟೂರಿನ ಮನೆಯಲ್ಲಿ ಅಮ್ಮ ಎರಡು ಕೆಲಸ ಒಪ್ಪಿಸಿದರು. ಒಂದು, ಹತ್ತು ಉಂಡೆ ಕೊಬ್ಬರಿ ಮತ್ತು ಒಂದು ಡಬ್ಬಿ ಚಟ್ನಿಪುಡಿ ಅಕ್ಕನಿಗೆ ಮುಟ್ಟಿಸೋದು. ಇನ್ನೊಂದು, "ಯಾವಾಗ ಬರ್ತೀಯಾ ಅಂತ ಎದುರಿಗೆ ಕೂತು ಕೇಳ್ಕೊಂಡ್ ಬಾ. ಫೋನಲ್ಲಿ ಕೇಳಿದ್ರೆ ಮಾತು ಮರೆಸ್ತಾಳೆ." ಕೊಬ್ಬರಿ ವಿಮಾನ ನಿಲ್ದಾಣದಲ್ಲೇ ಹೋಯಿತು. ಅದರಲ್ಲಿ ಎಣ್ಣೆ ಜಾಸ್ತಿಯಂತೆ, ಬೆಂಕಿ ಹತ್ತುವ ಪದಾರ್ಥವಂತೆ, ವಿಮಾನ ಹತ್ತಿಸುವ ಹಾಗಿಲ್ಲವಂತೆ! ಕೊಬ್ಬರಿ ಮಂಡಿ ಗುಮಾಸ್ತರ ಮಗನಾಗಿ ಅದು ನನಗೆ ಗೊತ್ತಿರಲಿಲ್ಲ, ನಾಚಿಕೆ. ಉಳಿದಿದ್ದು ಚಟ್ನಿಪುಡಿ ಮತ್ತು ಆ ಪ್ರಶ್ನೆ.

ಅಪ್ಪ ಹೋಗಿ ಒಂದು ವರ್ಷದ ಮೇಲಾಯಿತು. ಆಗ ಅಕ್ಕ ಬರಲಾಗಲಿಲ್ಲ. ಅವಳ ಅಲ್ಲಿನ ಕಾರ್ಡು ನವೀಕರಣಕ್ಕೆ ಹೋಗಿತ್ತು, ದೇಶ ಬಿಟ್ಟರೆ ವಾಪಸ್ ಒಳಗೆ ಬರೋದು ಕಷ್ಟ ಅಂದಿದ್ದರಂತೆ. ತೋಟದ ಮೂಲೆಯಲ್ಲಿ ಮಣ್ಣು ಮಾಡುವಾಗ ನಾನೇ ಫೋನ್ ಹಿಡಿದು ಅವಳಿಗೆ ತೋರಿಸುತ್ತಿದ್ದೆ. ಮಧ್ಯದಲ್ಲಿ ನಿಂತುಹೋಯಿತು. ನೆಟ್‌ವರ್ಕ್ ಹೋಯ್ತು ಅಂತ ಆಮೇಲೆ ಹೇಳಿದೆ. ಅಲ್ಲಿಂದ ಇಲ್ಲಿಯವರೆಗೆ ಆ ದಿನದ ಮಾತು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಇರಲಿ. ಊರು ನೋಡೋಣ ಬನ್ನಿ.

ನಾನು ಇಳಿದಾಗ ಅಕ್ಟೋಬರ್ ಎರಡನೇ ವಾರ. ಎಲೆ ಉದುರುವ ಕಾಲ. ನಮ್ಮಲ್ಲೂ ಎಲೆ ಉದುರುತ್ತೆ, ಆದರೆ ಹೇಳದೆ ಕೇಳದೆ ಉದುರುತ್ತೆ. ಅಲ್ಲಿ ಹಾಗಲ್ಲ. ಇಡೀ ಬೀದಿ ಒಟ್ಟಿಗೆ ಹಳದಿ ಆಗುತ್ತೆ, ಒಂದು ವಾರದಲ್ಲಿ ಕಂದು, ಆಮೇಲೆ ಗಾಳಿ ಬಂದರೆ ಮೈಮೇಲೆಲ್ಲ ಎಲೆ. ಸಂಜೆ ಬೀದಿ ಮೂಲೆಯಲ್ಲಿ ಇದ್ದಿಲ ಒಲೆ ಇಟ್ಟುಕೊಂಡು ಚೆಸ್ಟ್‌ನಟ್ ಅನ್ನೋ ಕಾಯಿ ಸುಟ್ಟು ಪೊಟ್ಟಣ ಕಟ್ಟಿ ಮಾರ್ತಾರೆ. ಆ ಹೊಗೆ ಮೂಗಿಗೆ ಬಡಿದರೆ ಸಾಕು, ತಿಪಟೂರು ಬಸ್ ಸ್ಟ್ಯಾಂಡಿನ ಮುಂದೆ ಜೋಳದ ತೆನೆ ಸುಡುವ ಅಜ್ಜಿ ಕಣ್ಣಮುಂದೆ. ತಿಂದರೆ ಗೆಣಸಿನ ರುಚಿ. ಖಾರ ಇಲ್ಲ, ನಿಂಬೆಹಣ್ಣು ಇಲ್ಲ.

ಅರಮನೆ, ಚರ್ಚು, ಮ್ಯೂಸಿಯಂ ಎಲ್ಲ ನೋಡಿದೆ. ಷೋನ್‌ಬ್ರುನ್ ಅರಮನೆಗೆ 1441 ಕೋಣೆಗಳು. ಅದರಲ್ಲಿ ಒಂದಷ್ಟು ತೋರಿಸಿ ಕಳಿಸ್ತಾರೆ. ಚೆನ್ನಾಗಿದೆ. ಆದರೆ ಅವತ್ತು ನನ್ನ ತಲೆಯಲ್ಲಿದ್ದದ್ದು, ಒಂದು ಲೋಟ ಫಿಲ್ಟರ್ ಕಾಫಿ ಎಲ್ಲಿ ಸಿಗುತ್ತೆ ಅನ್ನೋದು. ಕಾಫಿಗೆ ಹೆಸರಾದ ಊರು ಅದು. ಬೆಳ್ಳಿಬಣ್ಣದ ತಟ್ಟೆಯಲ್ಲಿ ಕಾಫಿ ಇಟ್ಟು, ಪಕ್ಕದಲ್ಲಿ ಒಂದು ಗ್ಲಾಸು ನೀರು ಇಟ್ಟು, ಎಷ್ಟು ಹೊತ್ತು ಬೇಕಾದರೂ ಕೂತಿರಿ ಅಂತ ಬಿಡ್ತಾರೆ. ಬೈಟು ಮಾತ್ರ ಕೊಡಲ್ಲ! ಕೇಳಿ ನೋಡಿದೆ.

ಅಕ್ಕನಿಗೆ ರಾತ್ರಿ ಪಾಳಿ ಜಾಸ್ತಿ. ಬೆಳಿಗ್ಗೆ ಬಂದು ಮಲಗ್ತಾಳೆ, ಮಧ್ಯಾಹ್ನ ಎದ್ದು ಜರ್ಮನ್ ಪುಸ್ತಕ ಹಿಡೀತಾಳೆ. ಭಾಷೆ ಪರೀಕ್ಷೆ ಪಾಸಾಗಿ, ನಮ್ಮ ದೇಶದ ಸರ್ಟಿಫಿಕೇಟಿಗೆ ಅಲ್ಲಿ ಪೂರ್ತಿ ಮಾನ್ಯತೆ ಸಿಗುವವರೆಗೂ ಅವಳು ಅರ್ಧ ನರ್ಸು. ನರ್ಸ್ ಸಹಾಯಕಿ ಅಂತ ಲೆಕ್ಕ. ಹಾಗಾಗಿ ಊರು ಸುತ್ತಿದ್ದು ನಾನೊಬ್ಬನೇ. ಒಬ್ಬನೇ ಸುತ್ತುವವನು ಏನು ಮಾಡ್ತಾನೆ ಹೇಳಿ? ಸಿನಿಮಾ ಹುಡುಕ್ತಾನೆ.

ವಿಯೆನ್ನಾ ಅಂದರೆ ನಮ್ಮಂಥ ಸಿನಿಮಾ ಹುಚ್ಚರಿಗೆ ಒಂದೇ ಚಿತ್ರ, 'ದಿ ಥರ್ಡ್ ಮ್ಯಾನ್'. 1949ರದು. ಕ್ಯಾರಲ್ ರೀಡ್ ನಿರ್ದೇಶನ, ಗ್ರಹಾಂ ಗ್ರೀನ್ ಚಿತ್ರಕಥೆ. 1948ರ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ, ಅಂದರೆ ಇದೇ ಎಲೆ ಉದುರುವ ಕಾಲದಲ್ಲಿ, ಇದೇ ಬೀದಿಗಳಲ್ಲಿ ಷೂಟಿಂಗ್. ಆಗ ಎರಡನೇ ಮಹಾಯುದ್ಧ ಮುಗಿದು ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ ನಾಲ್ಕೂ ಊರನ್ನು ಹಂಚಿಕೊಂಡು ಕೂತಿದ್ದವು. 1955ರವರೆಗೂ ಹಾಗೇ ಇತ್ತು. ಕಥೆ ಕೇಳಿ. ಅಗ್ಗದ ಕೌಬಾಯ್ ಕಾದಂಬರಿ ಬರೆಯುವ ಒಬ್ಬ ಲೇಖಕ, ಜೇಬಲ್ಲಿ ಕಾಸಿಲ್ಲದವನು, ಗೆಳೆಯ ಕೆಲಸ ಕೊಡ್ತೀನಿ ಅಂದ ಅಂತ ವಿಯೆನ್ನಾಕ್ಕೆ ಬರ್ತಾನೆ. (ನಗಬೇಡಿ. ನನಗೂ ಯಾರೋ ನನ್ನನ್ನೇ ನೋಡಿ ಬರೆದ ಹಾಗೆ ಅನಿಸಿತು.) ಬಂದರೆ ಗೆಳೆಯ ಸತ್ತಿದ್ದಾನೆ, ಮಣ್ಣು ಮಾಡ್ತಿದ್ದಾರೆ. ಆಮೇಲೆ ನೋಡಿದರೆ ಅವನು ಸತ್ತೇ ಇಲ್ಲ! ಪೆನಿಸಿಲಿನ್ ಔಷಧಿಗೆ ನೀರು ಬೆರೆಸಿ ಕಾಳಸಂತೆಯಲ್ಲಿ ಮಾರಿ, ಆಸ್ಪತ್ರೆಯ ಮಕ್ಕಳನ್ನು ಕೊಂದು, ತಲೆಮರೆಸಿಕೊಂಡಿದ್ದಾನೆ. ಆ ಪಾತ್ರ ಆರ್ಸನ್ ವೆಲ್ಸ್‌ದು.

ಊರಿನ ನಡುವೆ ಬುರ್ಗ್ ಕಿನೊ ಅಂತ ಒಂದು ಟಾಕೀಸು. 1912ರದು. ಅಲ್ಲಿ ಈ ಚಿತ್ರವನ್ನು ದಶಕಗಳಿಂದ ತೋರಿಸುತ್ತಲೇ ಇದ್ದಾರೆ! 'ಬಂಗಾರದ ಮನುಷ್ಯ' 1972ರಲ್ಲಿ ಬಂದು ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು ಅಂತ ನಾವು ಎದೆ ಉಬ್ಬಿಸ್ತೀವಿ. ಉಬ್ಬಿಸೋದು ಸರಿಯೇ. ಆದರೆ ಒಂದು ಊರು ತನ್ನ ಹೆಸರು ಕೆಡಿಸುವ ಕಳ್ಳನ ಕಥೆಯನ್ನು ಎಪ್ಪತ್ತು ವರ್ಷ ದಾಟಿದ ಮೇಲೂ ಟಿಕೆಟ್ ಹರಿದು ತೋರಿಸುತ್ತಲ್ಲ, ಅದಕ್ಕೂ ಒಂದು ಸಲಾಂ ಹೊಡೀಬೇಕು.

ನಾನು ಹೋದ ರಾತ್ರಿ ಇಪ್ಪತ್ತು ಜನ ಇದ್ದರೇನೋ. ಚಿತ್ರ ಶುರುವಾಗಿ ಸುಮಾರು ಒಂದು ಗಂಟೆಯವರೆಗೆ ವೆಲ್ಸ್ ಮುಖವೇ ಕಾಣಲ್ಲ. ಆಮೇಲೆ ಕತ್ತಲ ಬಾಗಿಲು, ಒಂದು ಜೊತೆ ಬೂಟು, ಬೂಟಿನ ಹತ್ತಿರ ಒಂದು ಬೆಕ್ಕು. ಎದುರು ಮನೆಯ ಕಿಟಕಿಯಲ್ಲಿ ದೀಪ ಹತ್ತುತ್ತೆ, ಬೆಳಕು ನೇರ ಮುಖಕ್ಕೆ ಬೀಳುತ್ತೆ, ಅವನು ಸಣ್ಣಗೆ ನಗ್ತಾನೆ. ಅದಪ್ಪಾ ಎಂಟ್ರಿ! ಎರಡು ಬೆರಳು ತಾನಾಗಿ ಬಾಯಿಗೆ ಹೋದವು. ಪಕ್ಕದ ಸೀಟಿನ ಅಜ್ಜಿ ತಿರುಗಿ ನೋಡಿದರು. ಬೆರಳು ಇಳಿಸಿಬಿಟ್ಟೆ. ಸಿನಿಮಾ ನೋಡುತ್ತಾ ಇಷ್ಟು ಒಂಟಿ ನಾನು ಯಾವತ್ತೂ ಆಗಿರಲಿಲ್ಲ ಗೆಳೆಯರೇ.

ಒಂದು ಒಳಸುದ್ದಿ ಹೇಳಿಬಿಡ್ತೀನಿ. ಕೊನೆಯ ಚರಂಡಿ ಚೇಸಿಂಗ್ ಇದೆಯಲ್ಲ, ಅದರ ಬಹುಭಾಗಕ್ಕೆ ವೆಲ್ಸ್ ಆ ಗಲೀಜು ನೀರಿಗೆ ಇಳಿಯಲು ಒಪ್ಪಲಿಲ್ಲ. ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಸೆಟ್ಟು ಹಾಕಬೇಕಾಯಿತು. ಅವನ ನೆರಳಿನ ಕೆಲವು ಷಾಟ್‌ಗಳಲ್ಲಿ ದಪ್ಪ ಕೋಟು ಹಾಕಿಕೊಂಡು ಓಡಿದವನು ಸಹಾಯಕ ನಿರ್ದೇಶಕ ಗೈ ಹ್ಯಾಮಿಲ್ಟನ್. ಆತನೇ ಮುಂದೆ 1964ರಲ್ಲಿ ಬಾಂಡ್ ಚಿತ್ರ 'ಗೋಲ್ಡ್‌ಫಿಂಗರ್' ನಿರ್ದೇಶಿಸಿದ. ಗಾಂಧಿನಗರದಲ್ಲಿ ಡೂಪ್ ಹಾಕುತ್ತಿರುವ ತಮ್ಮಂದಿರೇ, ಧೈರ್ಯ ಇರಲಿ!

ಮಾರನೇ ದಿನ ಪ್ರಾಟರ್ ಮೈದಾನದ ಜೈಂಟ್ ವೀಲ್‌ಗೆ ಹೋದೆ. 1897ರಲ್ಲಿ ಕಟ್ಟಿದ್ದು, ಎತ್ತರ ಹತ್ತಿರ ಹತ್ತಿರ 65 ಮೀಟರ್. 1944ರ ಯುದ್ಧದಲ್ಲಿ ಸುಟ್ಟುಹೋಗಿ, ಮತ್ತೆ ನಿಲ್ಲಿಸುವಾಗ 30 ಡಬ್ಬಿಗಳ ಜಾಗದಲ್ಲಿ 15 ಮಾತ್ರ ಹಾಕಿದರು. ನಮ್ಮ ಜಾತ್ರೆ ತೊಟ್ಟಿಲಿನ ಹಾಗೆ ಹೊಟ್ಟೆಯಲ್ಲಿ ಚಿಟ್ಟೆ ಬಿಡೋದಿಲ್ಲ. ರೈಲು ಬೋಗಿಯಂಥ ಮರದ ಡಬ್ಬಿ, ಗಡಿಯಾರದ ಮುಳ್ಳಿನ ಥರ ಮೆಲ್ಲಗೆ ಏರುತ್ತೆ. 1987ರ ಬಾಂಡ್ ಚಿತ್ರದಲ್ಲೂ ಇದೇ ಚಕ್ರ, 1995ರ 'ಬಿಫೋರ್ ಸನ್‌ರೈಸ್'ನಲ್ಲಿ ಹುಡುಗ ಹುಡುಗಿ ಮುತ್ತಿಟ್ಟುಕೊಳ್ಳೋದೂ ಇಲ್ಲೇ. ನನ್ನ ಡಬ್ಬಿಯಲ್ಲಿ ಇದ್ದದ್ದು ಒಂದು ಶಾಲೆಯ ಮಕ್ಕಳು ಮತ್ತು ಅವರ ಮೇಷ್ಟ್ರು. ಇರಲಿ ಬಿಡಿ.

'ಥರ್ಡ್ ಮ್ಯಾನ್'ನಲ್ಲಿ ವೆಲ್ಸ್ ಇಲ್ಲೇ ಮೇಲೆ ನಿಂತು ಕೆಳಗಿನ ಜನರನ್ನು ತೋರಿಸಿ, ಆ ಚುಕ್ಕೆಗಳಲ್ಲಿ ಒಂದು ಅಲ್ಲಾಡೋದು ನಿಂತರೆ ನಿನಗೇನು ಅನ್ನುವ ಧಾಟಿಯಲ್ಲಿ ಮಾತಾಡ್ತಾನೆ. ಮೇಲೆ ಹೋದಾಗ ನಾನೂ ಬಗ್ಗಿ ನೋಡಿದೆ. ನಿಜ, ಎಲ್ಲ ಚುಕ್ಕೆಗಳೇ. ಆ ಊರಲ್ಲಿ ಸುಮಾರು 20 ಲಕ್ಷ ಚುಕ್ಕೆ. ಅದರಲ್ಲಿ ಒಂದು ನಮ್ಮಕ್ಕ, ಆಗತಾನೆ ಪಾಳಿ ಮುಗಿಸಿ ಟ್ರಾಮಿನಲ್ಲಿ ತೂಕಡಿಸುತ್ತಾ ಮನೆಗೆ ಹೋಗ್ತಿರಬೇಕು. ಪೂರ್ವ ದಿಕ್ಕು ಯಾವುದು ಅಂತ ಮೇಷ್ಟ್ರನ್ನು ಕೈಸನ್ನೆಯಲ್ಲಿ ಕೇಳಿ ಆ ಕಡೆ ನೋಡಿದೆ. ಮಂಜು, ಕಾರ್ಖಾನೆ ಚಿಮಣಿ, ಅಷ್ಟೇ.

ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ಅಲ್ಲಿಯವರೆಗೆ ನಮಗೂ ಅವರಿಗೂ ಮೂರೂವರೆ ಗಂಟೆ ಅಂತರ, ಅವತ್ತಿನಿಂದ ನಾಲ್ಕೂವರೆ. ಮಲಗಿ ಏಳೋದರೊಳಗೆ ತಿಪಟೂರು ಇನ್ನೊಂದು ಗಂಟೆ ದೂರ ಹೋಗಿತ್ತು. "ಮೊದಲನೇ ವರ್ಷ ನಾನು ಅವತ್ತು ಅತ್ತುಬಿಟ್ಟಿದ್ದೆ ಕಣೋ, ಹುಚ್ಚಿ ಥರ" ಅಂದಳು ಅಕ್ಕ, ಒಲೆಯ ಮೇಲಿನ ಅನ್ನ ನೋಡುತ್ತಾ. ಅವಳು ಅಂಥದ್ದು ಹೇಳಿದ್ದು ಅದೇ ಮೊದಲು. ಆಗ ಕೇಳಬೇಕಿತ್ತು ಅಮ್ಮನ ಪ್ರಶ್ನೆ. ಕೇಳಲಿಲ್ಲ.

ಅಕ್ಟೋಬರ್ 29, ಅಪ್ಪು ನಮ್ಮನ್ನು ಬಿಟ್ಟುಹೋದ ದಿನ. 2021ರಿಂದ ಒಂದು ವರ್ಷವೂ ತಪ್ಪಿಸದೆ ಕಂಠೀರವ ಸ್ಟುಡಿಯೋದ ಸಮಾಧಿಗೆ ಹೋದವನು ನಾನು. ಈ ಸಲ ಗೆಳೆಯರು ಕಳಿಸಿದ ವಿಡಿಯೋ ನೋಡುತ್ತಾ ಟ್ರಾಮ್ ಸ್ಟಾಪಿನಲ್ಲಿ ನಿಂತಿದ್ದೆ. ಹೂವು, ಕ್ಯೂ, ಅನ್ನದಾನದ ತಟ್ಟೆ. ಎರಡು ಟ್ರಾಮು ಹೋದವು, ಹತ್ತಲಿಲ್ಲ.

ಈಗ ಒಬ್ಬ ಮನುಷ್ಯನ ವಿಷಯ ಹೇಳಬೇಕು. ಆಂಟನ್ ಕರಾಸ್. ಝಿದರ್ ಅಂತ ಒಂದು ವಾದ್ಯ, ನಮ್ಮ ಸ್ವರಮಂಡಲದ ಹಾಗೆ ಮಲಗಿಸಿಕೊಂಡು ಮೀಟೋದು. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಅಜ್ಜಿಯ ಮನೆಯ ಅಟ್ಟದಲ್ಲಿ ಅವನಿಗೆ ಅದು ಸಿಕ್ಕಿತಂತೆ. ನಮ್ಮೂರ ಅಟ್ಟದಲ್ಲಿ ಹುಡುಕಿದರೆ ತೆಂಗಿನಕಾಯಿ ಸಿಗುತ್ತೆ. ವರ್ಷಗಟ್ಟಲೆ ಅಲ್ಲೇ ಒಣಗಿ, ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಟಲೊಟ ಅನ್ನುತ್ತೆ. ಅದೂ ಒಂಥರಾ ವಾದ್ಯವೇ. ಕರಾಸ್ ವಿಯೆನ್ನಾದ ವೈನ್ ಅಂಗಡಿಗಳಲ್ಲಿ ಬಾರಿಸಿಕೊಂಡು ಹೊಟ್ಟೆ ಹೊರೆಯುತ್ತಿದ್ದ. ಕ್ಯಾರಲ್ ರೀಡ್ ಕೇಳಿ ಮರುಳಾಗಿ, ದೊಡ್ಡ ಆರ್ಕೆಸ್ಟ್ರಾ ಬೇಡ, ಇಡೀ ಚಿತ್ರಕ್ಕೆ ಇವನೊಬ್ಬನೇ ಸಾಕು ಅಂತ ಲಂಡನ್ನಿಗೆ ಕರೆಸಿ ತನ್ನ ಮನೆಯಲ್ಲೇ ಇಟ್ಟುಕೊಂಡ. ಹನ್ನೆರಡು ವಾರ, ಕೆಲವು ದಿನ ಹದಿನಾಲ್ಕು ಗಂಟೆ ಕೆಲಸ. ಕರಾಸ್‌ಗೆ ಊರಿನ ನೆನಪು ತಡೆಯಲಾಗಲಿಲ್ಲ. ನನ್ನನ್ನು ಮನೆಗೆ ಕಳಿಸಿಬಿಡಿ ಅಂತ ಕೇಳಿಕೊಂಡ. ಮೊದಲು ಒಂದು ಟ್ಯೂನ್ ಮಾಡಿಕೊಡು ಅಂದ ರೀಡ್. ಆಗ ಹುಟ್ಟಿದ್ದೇ ಆ 'ಹ್ಯಾರಿ ಲೈಮ್' ಟ್ಯೂನು! 1950ರಲ್ಲಿ ಅಮೆರಿಕದಲ್ಲಿ ಹನ್ನೊಂದು ವಾರ ನಂಬರ್ ಒನ್. ಮನೆಗೆ ಹೋಗಬೇಕು ಅಂತ ಹಟ ಹಿಡಿದವನ ಬೆರಳಿಂದ ಬಂದದ್ದು ಅದು. ಲೋಕ ಸುತ್ತಿ ಬಂದು 1954ರಲ್ಲಿ ತನ್ನೂರಿನಲ್ಲೇ ಚಿತ್ರದ ಹೆಸರಿಟ್ಟು ಒಂದು ವೈನ್ ಅಂಗಡಿ ತೆರೆದ. 1985ರಲ್ಲಿ ವಿಯೆನ್ನಾದಲ್ಲೇ ತೀರಿಕೊಂಡ. ಈ ಕಥೆ ಓದಿದ ಮೇಲೆ ಆ ಟ್ಯೂನ್ ನನಗೆ ಕುಣಿಸುವ ಟ್ಯೂನ್ ಥರ ಕೇಳಿಸುತ್ತಿಲ್ಲ.

ನವೆಂಬರ್ 1. ಇಲ್ಲಿ ರಾಜ್ಯೋತ್ಸವ, ಅಲ್ಲಿ ಸತ್ತವರನ್ನು ನೆನೆಯುವ ರಜಾ ದಿನ. "ಇವತ್ತು ಮಧ್ಯಾಹ್ನ ನಂಜೊತೆ ಬಾ" ಅಂದಳು ಅಕ್ಕ. ಚೀಲದಲ್ಲಿ ಮುಚ್ಚಳ ಇರುವ ಕೆಂಪು ದೀಪ ಒಂದು. 71ನೇ ನಂಬರಿನ ಟ್ರಾಮ್ ಹತ್ತಿದೆವು. ಆ ಊರಲ್ಲಿ ಯಾರಾದರೂ ಸತ್ತರೆ "71 ಹತ್ತಿದ" ಅಂತಾರಂತೆ, ಯಾಕೆಂದರೆ ಅದು ಹೋಗೋದು ಕೇಂದ್ರ ಸ್ಮಶಾನಕ್ಕೆ. 1874ರಲ್ಲಿ ತೆರೆದದ್ದು. ಮಲಗಿರುವವರು ಸುಮಾರು 30 ಲಕ್ಷ. ಬದುಕಿರುವವರಿಗಿಂತ ಜಾಸ್ತಿ! ಒಳಗೆ ಓಡಾಡೋಕೆ ಸಿಟಿ ಬಸ್ಸೇ ಇದೆ. ಬೀಥೋವನ್, ಷೂಬರ್ಟ್ ಸಮಾಧಿ ಅಲ್ಲಿವೆ. 1998ರಲ್ಲಿ ಕಾರು ಅಪಘಾತದಲ್ಲಿ ಹೋದ ಪಾಪ್ ಗಾಯಕ ಫಾಲ್ಕೋ ಸಮಾಧಿಯೂ ಅಲ್ಲಿದೆ. ಕೆಂಪು ಕಂಬದ ಮುಂದೆ ಹುಡುಗರ ಗುಂಪು. ಆತನಿಗೆ ನಲವತ್ತು ತುಂಬಿತ್ತು ಅಷ್ಟೇ. ಆನಗೋಡಿನ ಹತ್ತಿರ 1990ರಲ್ಲಿ ಹೋದ ನಮ್ಮ ಶಂಕ್ರಣ್ಣನಿಗೆ ಅಷ್ಟೂ ಆಗಿರಲಿಲ್ಲ.

'ಥರ್ಡ್ ಮ್ಯಾನ್' ಶುರುವಾಗೋದೂ ಮುಗಿಯೋದೂ ಈ ಸ್ಮಶಾನದಲ್ಲೇ. ಕೊನೆಯ ಷಾಟ್ ಹೇಳಲೇಬೇಕು. ಎರಡೂ ಕಡೆ ಬೋಳು ಮರಗಳು, ಉದ್ದನೆಯ ದಾರಿ, ಉದುರುವ ಎಲೆ. ನಾಯಕ ಪಕ್ಕದಲ್ಲಿ ಕಾದು ನಿಂತಿದ್ದಾನೆ. ನಾಯಕಿ ದೂರದಿಂದ ನಡೆದು ಬರ್ತಾಳೆ, ಬರ್ತಾಳೆ, ಬರ್ತಾಳೆ... ಅವನ ಕಡೆ ಕಣ್ಣೆತ್ತಿಯೂ ನೋಡದೆ ದಾಟಿ ಹೋಗಿಬಿಡ್ತಾಳೆ. ಇಬ್ಬರೂ ಒಂದಾಗಲಿ ಅಂತ ಗ್ರೀನ್ ಹಟ ಮಾಡಿದ್ದನಂತೆ. ರೀಡ್ ಒಪ್ಪಲಿಲ್ಲ. ರೀಡ್ ಮಾಡಿದ್ದೇ ಸರಿ ಅಂತ ಗ್ರೀನ್ ಆಮೇಲೆ ಒಪ್ಪಿಕೊಂಡ. ಅಪ್ಪನಿಗೆ ಮಾತ್ರ ಇಂಥ ಕ್ಲೈಮ್ಯಾಕ್ಸ್ ಆಗುತ್ತಿರಲಿಲ್ಲ. 'ಬಂಗಾರದ ಮನುಷ್ಯ'ವನ್ನು ಎಷ್ಟು ಸಲ ನೋಡಿದರೂ, ಕೊನೆಗೆ ರಾಜೀವ ಒಬ್ಬನೇ ಹೊರಟುಬಿಡುವ ಹೊತ್ತಿಗೆ ಎದ್ದು ಬೀಡಿ ಸೇದೋಕೆ ಆಚೆ ಹೋಗುತ್ತಿದ್ದರು. ನನ್ನ ಬರವಣಿಗೆ ಬಗ್ಗೆ ಒಂದು ಒಳ್ಳೇ ಮಾತು ಆಡಿದವರಲ್ಲ. ಆದರೆ ವಾರ ವಾರ ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು, ನನ್ನ ಪುಟದ ಅಚ್ಚಿನ ತಪ್ಪಿಗೆಲ್ಲ ಮಂಡಿಯ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ ಇಡುತ್ತಿದ್ದರು.

ಅಕ್ಕ ಒಂದು ಹಳೇ ಸಮಾಧಿಯ ಮುಂದೆ ನಿಂತಳು. ಕಲ್ಲಿಗೆ ಪಾಚಿ ಹಿಡಿದು ಹೆಸರು ಓದೋಕಾಗಲ್ಲ. ಸುತ್ತ ಎಲ್ಲ ಸಮಾಧಿಗೂ ದೀಪ, ಹೂವು, ಇದಕ್ಕಿಲ್ಲ. ವಾರ್ಡಿನಲ್ಲಿದ್ದ ಅಜ್ಜಿಯೊಬ್ಬರು ಹೇಳಿದ್ದರಂತೆ, ದೂರದಲ್ಲಿ ಮಣ್ಣಾದವರಿಗೆ ಇಲ್ಲೇ ಹಚ್ಚಿದರೂ ಮುಟ್ಟುತ್ತೆ ಅಂತ. "ಹೋದ ವರ್ಷವೂ ಇಲ್ಲೇ ಹಚ್ಚಿದ್ದೆ" ಅಂದಳು. ಕೂತು ಎಲೆ ಗುಡಿಸಿ, ಕಡ್ಡಿ ಗೀರಿ, ಮುಚ್ಚಳ ಹಾಕಿದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು. "ಅವತ್ತು ನೆಟ್‌ವರ್ಕ್ ಹೋದ್ಮೇಲೆ ಏನೇನಾಯ್ತು? ಎಲ್ಲಾ ಹೇಳು."

ಹೇಳಿದೆ. ಮಂಡಿಯ ಹಮಾಲಿಗಳು ಬಂದದ್ದು, ಕೊಬ್ಬರಿ ಒಂದು ಇಟ್ಟದ್ದು, ಅಮ್ಮ ಕುಂಕುಮ ಒರೆಸಲು ಬಿಡದೆ ಎದ್ದು ಹೋದದ್ದು. ಹೇಳುತ್ತಾ ಹೋದರೆ ಇದೊಂದನ್ನು ಬಿಡೋಕಾಗಲಿಲ್ಲ. "ಅಕ್ಕ, ನೆಟ್‌ವರ್ಕ್ ಹೋಗಿರಲಿಲ್ಲ. ಫೋನ್ ನಾನೇ ಕಟ್ ಮಾಡಿದೆ. ಮಣ್ಣು ಹಾಕೋಕೆ ಎರಡು ಕೈ ಬೇಕಿತ್ತು. ಯಾರ ಕೈಗಾದ್ರೂ ಕೊಡಬಹುದಿತ್ತು. ಕೊಡಲಿಲ್ಲ. ನೀನು ಅಳೋದು ಆ ಪರದೇಲಿ ನೋಡೋಕಾಗ್ತಿರಲಿಲ್ಲ ನಂಗೆ."

ಅವಳು ಎದ್ದಳು. ಚೀಲ ಹೆಗಲಿಗೆ ಹಾಕಿಕೊಂಡಳು. ನನ್ನ ಪಕ್ಕದಲ್ಲೇ ದಾಟಿ, ಆ ಎಲೆ ಬಿದ್ದ ದಾರಿಯಲ್ಲಿ ನಡೆದುಕೊಂಡು ಹೋದಳು. ತಿರುಗಿ ನೋಡಲಿಲ್ಲ. ನಾನು ಅಲ್ಲೇ ನಿಂತಿದ್ದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಐದು ಗಂಟೆಗೆಲ್ಲ ಅಲ್ಲಿ ಕತ್ತಲು. ಸಾವಿರಾರು ಕೆಂಪು ದೀಪ.

ಗೇಟಿನ ಹತ್ತಿರ ಬಂದರೆ ಚೆಸ್ಟ್‌ನಟ್ ಸುಡುವವನ ಮುಂದೆ ನಿಂತಿದ್ದಳು, ಕೈಯಲ್ಲಿ ಪೊಟ್ಟಣ. "ಬೇಗ ಬಾರೋ, ಡ್ಯೂಟಿಗೆ ಹೊತ್ತಾಯ್ತು" ಅಂದಳು. ಕಣ್ಣು ಊದಿತ್ತು.

ಟ್ರಾಮಿನಲ್ಲಿ ಜನವೋ ಜನ. ಒಂದೇ ಸೀಟು ಸಿಕ್ಕಿತು, ಅವಳು ಕೂತಳು, ನಾನು ಕಂಬ ಹಿಡಿದು ನಿಂತೆ. ನಾಲ್ಕು ಸ್ಟಾಪ್ ಆದ ಮೇಲೆ, ನಾನು ಕೇಳದೆಯೇ, "ಡಿಸೆಂಬರಲ್ಲಿ ಪರೀಕ್ಷೆ. ಪಾಸಾದ್ರೆ ಯುಗಾದಿಗೆ ಬರ್ತೀನಿ ಅಂತ ಅಮ್ಮಂಗೆ ಹೇಳು" ಅಂದಳು.

"ಪಾಸಾಗದಿದ್ರೆ?"

ಒಂದು ಚೆಸ್ಟ್‌ನಟ್ ಸುಲಿದು ನನ್ನ ಕೈಗಿಟ್ಟಳು. ಫೋನ್ ತೆಗೆದು ಗಡಿಯಾರ ನೋಡಿದೆ. ಅಲ್ಲಿ ಆರು ಗಂಟೆ, ಇಲ್ಲಿ ಹತ್ತೂವರೆ. ಅಮ್ಮ ಮಲಗಿರ್ತಾರೆ ಅಂತ ಮತ್ತೆ ಜೇಬಿಗೆ ಹಾಕಿಕೊಂಡೆ.